ಹೆಸರಿಗೆ ಮೂರು ಚುಕ್ಕಿ

ಹಾಸನ
ಗುರುವಾರ, 13 ನವೆಂಬರ್ 2025

ಪ್ರೀತಿಯ ಸಣ್ಣಕ್ಕ,

“ಬೋರ್ಡ್ ಸಾಲ್ದಿದ್ರೆ ಅಕ್ಷರ ಇರುಕ್ಸು ಕಣೆ, ಎಸ್ರು ಕುಯ್ಬ್ಯಾಡ.” ಹೀಗೆ ತಾನೆ ನೀನು ಅನ್ನುತ್ತಿದ್ದದ್ದು? ಇದರ ಹಿಂದೆಯೇ ಇನ್ನೊಂದು ತುಂಡು ಇತ್ತು, ಬ್ರಷ್ಷನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹೇಳುತ್ತಿದ್ದೆ. ಮೂರು ದಿನದಿಂದ ಹುಡುಕುತ್ತಿದ್ದೇನೆ, ನೆನಪಿಗೆ ಬರುತ್ತಿಲ್ಲ. ಎಷ್ಟೋ ಕವಿತೆಗಳು ಬಾಯಿಗೆ ಬರುವ ನನಗೆ ನಿನ್ನ ಒಂದು ಸಾಲು ಅರ್ಧಕ್ಕೇ ನಿಂತಿದೆ. ನೆನಪಿರುವ ಅರ್ಧವನ್ನೂ ನಾನೀಗ ಸುಮ್ಮನೆ ಒಪ್ಪಲಾರೆ. ಯಾರ ಹೆಸರನ್ನೂ ಕೊಯ್ಯಬಾರದೇ? ನಿನ್ನ ಹೆಸರನ್ನು ಕೊಯ್ದವರದನ್ನೂ?

ಮೊದಲು ನಿನ್ನ ಕಣ್ಣಿನ ವಿಷಯ ಹೇಳು. ಪೊರೆ ತೆಗೆದಮೇಲೆ ಬಲಗಣ್ಣು ತಿಳಿಯಾಯಿತೇ? ಡ್ರಾಪ್ಸ್ ಬಿಟ್ಟುಕೊಳ್ಳುವುದನ್ನು ಮರೆಯಬೇಡ, ಒಲೆಯ ಹೊಗೆಯ ಮುಂದೆ ಕೂರಬೇಡ. ನಿನಗೆ ಓದಲು ಕಷ್ಟವಾಗದಿರಲಿ ಎಂದು ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ನನ್ನ ಅಕ್ಷರ ನೋಡಿ ನಗುತ್ತೀಯ, ನಗು. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಭಾವ ಸ್ಪೀಕರ್ ಹಾಕಿ ಇಡೀ ದಂಡಿಗನಹಳ್ಳಿಗೆ ಕೇಳಿಸುತ್ತಾರೆ. ಇದು ನಿನಗೊಬ್ಬಳಿಗೇ ಹೇಳಬೇಕಾದದ್ದು.

ಹುಚ್ಚಯ್ಯ ಚಿಕ್ಕಪ್ಪನಿಗೆ ಸನ್ಮಾನವಂತೆ. ಇಲ್ಲೇ ಹಾಸನದ ಒಂದು ಸಂಘದವರು ಇದೇ ತಿಂಗಳು ಇಪ್ಪತ್ಮೂರನೇ ತಾರೀಖು, ಭಾನುವಾರ, ಶಾಲು ಹೊದಿಸುತ್ತಾರೆ. ಕೈಯಿಂದ ಬೋರ್ಡ್ ಬರೆದ ಹಳಬರನ್ನು ಹುಡುಕುತ್ತಿದ್ದರಂತೆ, ಚಿಕ್ಕಪ್ಪ ಸಿಕ್ಕಿದ್ದಾರೆ. ಮಗ ಕೀರ್ತಿರಾಜ ಅರಕಲಗೂಡಿನ ಫ್ಲೆಕ್ಸ್ ಅಂಗಡಿಯ ಹೆಸರಿನಲ್ಲಿ ಒಂದು ವೆಬ್‌ಸೈಟ್ ಮಾಡಿಸಿದ್ದಾನೆ. ಹಾಸನದ ಬಟ್ಟೆ ಅಂಗಡಿ, ಹೊಳೆನರಸೀಪುರದ ಹಿಟ್ಟಿನ ಗಿರಣಿ, ಅರಕಲಗೂಡಿನ ಸೈಕಲ್ ಶಾಪು, ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿ, ಎಲ್ಲ ಬೋರ್ಡುಗಳ ಫೋಟೋ ಅದರಲ್ಲಿವೆ. ಮೇಲೆ ‘ಹುಚ್ಚಯ್ಯನವರ ಕೈಬರಹ’ ಎಂದು ಬರೆದಿದೆ. ಅಕ್ಕ, ನಲವತ್ತೊಂದು ಬೋರ್ಡುಗಳು. ಒಂದೊಂದರಲ್ಲೂ ತಲಕಟ್ಟು ಬಲಗಡೆ ದಪ್ಪಗೆ ಶುರುವಾಗಿ ಎಡಕ್ಕೆ ತೆಳ್ಳಗಾಗಿ ಮುಗಿಯುತ್ತದೆ. ಎಡಗೈಯವರಲ್ಲದೆ ಹಾಗೆ ಬ್ರಷ್ ಎಳೆಯುವವರು ಯಾರು? ಅಪ್ಪ ಹೋದಮೇಲೆ ಆ ಕೆಲಸವನ್ನೆಲ್ಲ ಹೊತ್ತವಳು ನೀನು. “ಎಡಚಿ ಕೈಯಿ, ಅಂಗ್ಡಿಗೆ ಆಗ್ಬರಾಕಿಲ್ಲ ಅಂತಾರೆ” ಎಂದು ಚಿಕ್ಕಪ್ಪ, ಅಂಗಡಿಯವರು ಬಾಗಿಲು ತೆಗೆಯುವ ಮೊದಲೇ ನಿನ್ನನ್ನು ಏಣಿ ಹತ್ತಿಸಿ, ಅವರು ಬರುವ ಹೊತ್ತಿಗೆ ಬ್ರಷ್ಷನ್ನು ತಾವು ಹಿಡಿದು ನಿಲ್ಲುತ್ತಿದ್ದರಲ್ಲ, ಆ ಬ್ರಷ್ಷಿಗೇ ಈಗ ಶಾಲು. ಅಕ್ಕನ ಹೆಸರೆಲ್ಲಿ ಎಂದು ಚಿಕ್ಕಪ್ಪನನ್ನೇ ಕೇಳಿದೆ. ಕೇಳದೆ ಇರಲಾಗಲಿಲ್ಲ. “ಅವ್ಳಾ? ಡಬ್ಬ ಇಡ್ಕಂಡ್ ನಿಂತಿರೋಳು” ಅಂದರು. ಇವರಿಗೆ ಬಹುವಚನ ಬಿಡಬೇಕೆನಿಸುತ್ತದೆ. ಬಿಡುವುದಿಲ್ಲ, ನಮ್ಮನ್ನು ಬೆಳೆಸಿದ್ದು ನೀನು.

ಇನ್ನು ನನ್ನ ಪಾತ್ರ. ಕಾಲೇಜಿನ ಅತಿಥಿ ಉಪನ್ಯಾಸಕಿ ಕೆಲಸ ಹೋದಮೇಲೆ ನಾನು ವೆಬ್‌ಸೈಟುಗಳ ಅಂದಚಂದ ಮಾಡುವುದನ್ನು ಕಲಿತದ್ದು ನಿನಗೆ ಗೊತ್ತು. ಮನೆಮಗಳೇ ಇದ್ದಾಳಲ್ಲ ಎಂದು ಚಿಕ್ಕಪ್ಪ ಬಂದು ಕೂತರು. “ನೀ ಬಣ್ಣ ಬಳಿ, ಅಂಚು ಕಟ್ಟು, ಅಷ್ಟೇ ಕಣವ್ವ. ಒಳಗಿರೋದ ಮುಟ್ಬ್ಯಾಡ.” ಮುಟ್ಟಲಿಲ್ಲ. ಒಳಗಿನ ಒಂದಕ್ಷರವನ್ನೂ ಮುಟ್ಟಲಿಲ್ಲ. ಅಲ್ಲಿ ಟ್ಯಾಬ್ ಎಂದಿರುತ್ತವೆ ಅಕ್ಕ. ಪುಟದ ನೆತ್ತಿಯ ಮೇಲೆ ಸಾಲಾಗಿ ಪುಟ್ಟ ಪುಟ್ಟ ಬೋರ್ಡುಗಳು ಎಂದುಕೋ. ಯಾವುದನ್ನು ಒತ್ತಿದರೆ ಆ ಅಂಗಡಿಯ ಬಾಗಿಲು ತೆರೆದು ಉಳಿದವು ಮುಚ್ಚಿಕೊಳ್ಳುತ್ತವೆ. ಇವರದರಲ್ಲಿ ನಾಲ್ಕು: ‘ಹುಚ್ಚಯ್ಯನವರ ಕೈಬರಹ’, ‘ಕೀರ್ತಿರಾಜ್ ಫ್ಲೆಕ್ಸ್’, ‘ಸನ್ಮಾನ’, ‘ಇತರೆ’. ನೀನು ಎಲ್ಲಿದ್ದೀಯ ಗೊತ್ತೇ? ‘ಇತರೆ’ಯಲ್ಲಿ, ಹಳೆಯ ಏಣಿಯ ಫೋಟೋ ಮತ್ತು ಅಂಗಡಿಯ ಸ್ಕೂಟರಿನ ಫೋಟೋದ ನಡುವೆ. ಬಲಗೈಯಲ್ಲಿ ಬಣ್ಣದ ಡಬ್ಬ, ಎಡಗೈಯಲ್ಲಿ ಬ್ರಷ್ಷು, ಹಿಂದೆ ಹಸಿ ಅಕ್ಷರ. ಕೆಳಗೆ ‘ಸಣ್ಣಕ್ಕ, ಸಹಾಯಕಿ’.

ಒತ್ತದ ಟ್ಯಾಬುಗಳಿಗೆ ಬಿಸಿಲಿಗೆ ಮಾಸಿದ ಬೋರ್ಡಿನ ನೀಲಿ ಕೊಟ್ಟೆ. ಒತ್ತಿದ್ದಕ್ಕೆ ನೀನು ಕಲಸುತ್ತಿದ್ದ ಕಡು ನೀಲಿ, ಹಳದಿ ಅಕ್ಷರ, ಅಡಿಯಲ್ಲಿ ಒಂದು ಗೆರೆ. ಆ ಗೆರೆಯನ್ನು ನಿನ್ನ ತಲಕಟ್ಟು ನೋಡಿಕೊಂಡೇ ಎಳೆದೆ, ಬಲಕ್ಕೆ ದಪ್ಪ, ಎಡಕ್ಕೆ ತೆಳು. ಯಾವ ಬಾಗಿಲು ತೆರೆದರೂ ಹೊಸಿಲಿನ ಮೇಲೆ ನಿನ್ನ ಕೈ. “ಈ ಗೀಟು ಚಂದಾಗದೆ” ಎಂದು ಚಿಕ್ಕಪ್ಪ ಮೆಚ್ಚಿದರು. ಮೊದಲ ಸಲ ಪುಟಕ್ಕೆ ಬಂದವರಿಗೆ ಯಾವ ಟ್ಯಾಬ್ ತೆರೆದಿರಬೇಕು ಎಂದು ಅವರು ಹೇಳಿರಲಿಲ್ಲ. ನಾನು ಕೇಳಲೂ ಇಲ್ಲ. ‘ಇತರೆ’ ತೆರೆದಿಟ್ಟೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ. ಅಂಗಡಿಯ ದೊಡ್ಡ ಪರದೆಯ ಮೇಲೆ ನಾಲ್ಕೂ ಹೆಸರು ಪೂರ್ತಿ ಕಾಣುತ್ತವೆ, ಅವರು ನೋಡಿದ್ದು ಅದನ್ನೇ. ಫೋನಿನಲ್ಲಿ ಜಾಗ ಕಡಿಮೆ. ಆಗ ಅಕ್ಷರ ಚಿಕ್ಕದು ಮಾಡಬಹುದು, ಎರಡು ಸಾಲಿಗೆ ಇಳಿಸಬಹುದು, ಟ್ಯಾಬುಗಳ ಸಾಲು ಬೆರಳಿಗೆ ಪಕ್ಕಕ್ಕೆ ಸರಿಯುವಂತೆ ಮಾಡಬಹುದು. ಮೂರೂ ಮಾಡಲಿಲ್ಲ. ನಾಲ್ಕಕ್ಕೂ ಸಮಾನ ಅಗಲ ಕೊಟ್ಟು, ಹಿಡಿಸದ ಹೆಸರನ್ನು ಅಲ್ಲೇ ತುಂಡರಿಸಿ ಮೂರು ಚುಕ್ಕಿ ಇಡು ಎಂದು ಬರೆದೆ. ಈಗ ಫೋನಿನಲ್ಲಿ ಏನು ಕಾಣುತ್ತದೆ ಎಂದರೆ, ‘ಹುಚ್ಚ…’ ‘ಕೀರ್ತಿ…’ ‘ಸನ್ಮಾನ’ ‘ಇತರೆ’. ಓದಿಕೊಂಡು ಒಬ್ಬಳೇ ನಕ್ಕೆ ಅಕ್ಕ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಇಪ್ಪತ್ತು ವರ್ಷ ಪಾಠ ಮಾಡಿದರೂ ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಬರೆದವರನ್ನು ನಾನು ಕಂಡಿಲ್ಲ. ಕೊಯ್ಯದೆ ಉಳಿದ ಮಾತುಗಳು ಎರಡೇ, ಅದರಲ್ಲಿ ಒಂದರೊಳಗೆ ನೀನಿದ್ದೀಯ. ಆಮಂತ್ರಣ ಪತ್ರಿಕೆಯಲ್ಲಿ ಫೋನ್ ಹಿಡಿದರೆ ತೆರೆದುಕೊಳ್ಳುವ ಚೌಕ ಅಚ್ಚಾಗಿದೆ, ನಾನೂರು ಪತ್ರಿಕೆ ಹಂಚಿದ್ದಾರೆ. ಚಿಕ್ಕಪ್ಪನದು ಗುಂಡಿ ಒತ್ತುವ ಹಳೆಯ ಫೋನು. ಕೀರ್ತಿರಾಜ ನೋಡಿ ಕೇಳಿದರೆ ಜಾಗ ಸಾಲುವುದಿಲ್ಲ ಎನ್ನುತ್ತೇನೆ. ಅದು ಸುಳ್ಳಲ್ಲ. ಬದಲಾಯಿಸುವ ಪಾಸ್‌ವರ್ಡ್ ನನ್ನೊಬ್ಬಳ ಹತ್ತಿರವೇ ಇದೆ.

ಆದರೂ ನಿನ್ನ ಆ ಸಾಲು ಬಂದು ಬಂದು ಚುಚ್ಚುತ್ತದೆ. ನನ್ನ ಎಂ.ಎ. ಪುಸ್ತಕಗಳಿಗೆ ರಟ್ಟು ಹಾಕಿ ‘ಪುಟ್ಟತಾಯಿ’ ಎಂದು ಬರೆಯುವಾಗ ಕೂಡ, ಜಾಗ ಸಾಲದೆ ‘ಯಿ’ ಅಂಚಿಗೆ ಹೋದಾಗ, ಇಡೀ ರಟ್ಟನ್ನೇ ಕಿತ್ತು ಹೊಸದು ಹಾಕಿದವಳು ನೀನು. ನಾನು ಮಾಡಿದ್ದು ತಪ್ಪು ಎನ್ನುತ್ತೀಯ ಎಂದು ಗೊತ್ತು. ತಪ್ಪಿರಲಿ. ನನಗೆ ಹಾಯಾಗಿದೆ.

ಭಾವನಿಗೆ ನಮಸ್ಕಾರ ತಿಳಿಸು. ನಿನ್ನ ಕಾಲಿಗೆ ಬಿದ್ದೆ ಎಂದುಕೋ. ಕಣ್ಣು ಜೋಪಾನ, ಕೈ ಅದಕ್ಕಿಂತ ಜೋಪಾನ.

ನಿನ್ನ ತಂಗಿ
ಪುಟ್ಟತಾಯಿ

ಮರೆತಿದ್ದೆ: ಆ ಉಳಿದರ್ಧ ಈಗ, ಲಕೋಟೆಗೆ ಅಂಟು ಹಚ್ಚುವಾಗ ಹೊಳೆಯಿತು. “ಎಸ್ರು ಅವರ್ದು, ಅಕ್ಷರ ನಮ್ದು.” ಅದಕ್ಕೇ ಕೇಳು. ಇಪ್ಪತ್ಮೂರನೇ ತಾರೀಖು ಬೆಳಗಿನ ಬಸ್ಸಿಗೆ ಬಾ, ನಿನ್ನ ಬ್ರಷ್ಷು ತಾ. ವೇದಿಕೆಯ ಮೇಲೆ ಒಂದು ಹಲಗೆ ಇಡಿಸುತ್ತೇನೆ, ಚಿಕ್ಕಪ್ಪ, ಅಕ್ಕ ಇಬ್ಬರೂ ಒಂದೊಂದು ಅಕ್ಷರ ಬರೆಯಲಿ ಎನ್ನುತ್ತೇನೆ. ಆ ಜನರ ಮುಂದೆ ನೀನು ಎಡಗೈಯಲ್ಲಿ ತಲಕಟ್ಟು ಎಳೆದ ಗಳಿಗೆಯಲ್ಲೇ ಫೋನಿನಲ್ಲಿ ಚಿಕ್ಕಪ್ಪನ ಹೆಸರನ್ನು ಪೂರ್ತಿ ಮಾಡುತ್ತೇನೆ, ನಿನ್ನಾಣೆ. ನೀನು ಬರದಿದ್ದರೆ ಆ ಮೂರು ಚುಕ್ಕಿ ಅಲ್ಲೇ ಇರುತ್ತವೆ. ಇಷ್ಟು ಬರೆಯುವಾಗಲೇ ಪಕ್ಕದ ಮನೆ ಮಲ್ಲಿಗಮ್ಮ, ಚಿಕ್ಕಪ್ಪ ಬಾಗಿಲಿಗೆ ಸಿಕ್ಕಿಸಿಹೋದ, ಇನ್ನೂ ಓದದ ಪತ್ರಿಕೆ ಒಂದು ಕೈಯಲ್ಲಿ, ಫೋನು ಇನ್ನೊಂದು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತು ಕೇಳುತ್ತಿದ್ದಾರೆ: “ಪುಟ್ಟತಾಯವ್ವ, ಈ ಹುಚ್ಚ ಯಾವನವ್ವ, ಇವ್ನಿಗ್ಯಾಕೆ ಸನ್ಮಾನ? ಬ್ರಷ್ ಇಡ್ಕಂಡವ್ರಲ್ಲ, ಅಕ್ಷರ ಬರ್ದಿರೋ ಆಯಮ್ಮ, ಅವ್ರು ಬರಾಕಿಲ್ವಾ?”