ನಲವತ್ತೊಂದನೆಯ ಪುಟದ ಆ ಸಾಲು

ಹಳೇ ಬೆಂಚಿನ ಗೆಳೆಯನಿಗೆ,

ನಿನ್ನ 'ಬಚ್ಚಿಟ್ಟ ಸುವಾರ್ತೆಗಳು' ಏಳನೆಯ ಮುದ್ರಣಕ್ಕೆ ಸಿದ್ಧವಾಗಿದೆಯಂತೆ. ಪ್ರೆಸ್ಸಿನವರು ಎಂದಿನಂತೆ ಕರಡು ತಿದ್ದಲು ನನಗೇ ಕಳಿಸಿದ್ದಾರೆ. ಸೋಮವಾರ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ನಲವತ್ತೊಂದನೆಯ ಪುಟದ ಒಂದು ಸಾಲು ತೆಗೆಯೋ, ನಿನ್ನ ಕಾಲಿಗೆ ಬೀಳುತ್ತೇನೆ.

'ಚಕ್ರವರ್ತಿ ಕರೆದ ಸಭೆಯಲ್ಲಿ ಬಿಷಪ್ಪರು ಒಂದೇ ಮಧ್ಯಾಹ್ನ ಕೈ ಎತ್ತಿ ಎಂಬತ್ತು ಸುವಾರ್ತೆಗಳನ್ನು ಬೈಬಲ್ಲಿನಿಂದ ಹೊರಗೆಸೆದರು.' ಮೊದಲ ಮುದ್ರಣದಲ್ಲೇ ಇದರ ಪಕ್ಕ ಪೆನ್ಸಿಲ್ಲಿನಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದೆ. ನೀನು ನಕ್ಕೆ. "ಲೋ ಪಂಡಿತ, ಉಪ್ಪು ಖಾರ ಇಲ್ದೆ ಯಾರೋ ಓದ್ತಾರೆ? ಅಳಿಸೋ." ಅಳಿಸಿದೆ. ನಮ್ಮ ಇಂಗ್ಲಿಷ್ ಪ್ರೊಫೆಸರು ಮೇಜು ಕುಟ್ಟಿ ಹೇಳುತ್ತಿದ್ದರಲ್ಲ, "ಎವಿಡೆನ್ಸ್, ಮೈ ಡಿಯರ್ ಬಾಯ್ಸ್, ಎವಿಡೆನ್ಸ್ ಈಸ್ ದಿ..." ಮುಂದಿನದು ಮರೆತಿದೆ. ಆವತ್ತೂ ಮರೆತಿತ್ತು. ಎಲ್ಲಿದ್ದೆ? ಹಾಂ, ಅಳಿಸಿದೆ.

ನೀನು ಬಾಯ್ತುಂಬ ಅತ್ತಿಗೆ ಎನ್ನುತ್ತಿದ್ದ ನನ್ನವಳು ಆಸ್ಪತ್ರೆಯಲ್ಲಿ ಮಲಗಿದ್ದಾಗ, ಬೇಸರ ಕಳೆಯಲೆಂದು ಆ ಪುಸ್ತಕ ಓದಿ ಹೇಳಿದೆ. ಆ ಸಾಲಿಗೆ ಬಂದಾಗ "ನಿಲ್ಸ್ರೀ" ಎಂದಳು. "ಕೈ ಎತ್ತಿ ಆರಿಸಿದ್ದಾ? ಸಂಘದ ಎಲೆಕ್ಷನ್ ಥರಾ? ನೀವೇ ತಿದ್ದಿದ ಪುಸ್ತಕ ಅಲ್ವಾ, ನಿಜಾನಾ ಇದು?"

ತಿದ್ದಿದವನ ಜಂಬ ನೋಡು. ಹೌದು ಎಂದುಬಿಟ್ಟೆ.

ದಿಂಬಿನ ಪಕ್ಕದ ಬೈಬಲ್ಲನ್ನು ತಾನೇ ತಳ್ಳಿದಳು. "ಬೀರುಗೆ ಹಾಕಿ. ಯಾರೋ ಆರಿಸಿ ಉಳಿಸಿದ್ದನ್ನ ಇಷ್ಟು ವರ್ಷ ಓದ್ದೆ." ಪಾದ್ರಿಗಳು ಬಂದರೆ ಗೋಡೆಗೆ ಮುಖ ಮಾಡಿದಳು. ಒಂಬತ್ತನೆಯ ದಿನ ಹಾಗೆಯೇ ಹೋದಳು.

ಆಮೇಲೆ ಲೈಬ್ರರಿಯಲ್ಲಿ ಕೂತು ಹುಡುಕಿದೆ. ಆ ಸಭೆ ಸೇರಿದ್ದು ಮುಖ್ಯವಾಗಿ ದೇವರ ಮಗ ತಂದೆಯಾದ ದೇವರಿಗೆ ಸಮಾನನೇ ಎಂಬ ಜಗಳಕ್ಕೆ. ಸುವಾರ್ತೆಗಳಿಗೆ ಮತ ಹಾಕಿದ ದಾಖಲೆಯೇ ಇಲ್ಲ. ಬೈಬಲ್ಲಿಗೆ ಯಾವುವು ಸೇರಬೇಕೆಂಬ ಪಟ್ಟಿ ಗಟ್ಟಿಯಾಗಲು ತಲೆಮಾರುಗಳೇ ಹಿಡಿದವು. ಕೆಲವನ್ನು ಓದಬಾರದೆಂದು ಬಿಷಪ್ಪರು ತಡೆದದ್ದೂ ನಿಜ. ಅದನ್ನು ಬರೆ, ಬೇಡವೆನ್ನುವುದಿಲ್ಲ. ಆದರೆ ಆ ಮಧ್ಯಾಹ್ನ, ಆ ಕೈಗಳು, ಆ ಎಂಬತ್ತು ಎಲ್ಲಿಂದ ತಂದೆಯೋ?

ಇದೆಲ್ಲ ಗೊತ್ತಿದ್ದರೆ ಅವಳು ಮತ್ತೆ ಬೈಬಲ್ಲು ಕೇಳುತ್ತಿದ್ದಳೋ ಇಲ್ಲವೋ, ಹೇಳಲಾರೆ. ಬರೆದವನು ನೀನು, ಆದರೆ ಅವಳು ಕೇಳಿದ್ದು ನನ್ನನ್ನು. ಈಗ ಯಾರಿಗೆ ಹೋಗಿ ಹೇಳಲಿ, ಇಲ್ಲ ಕಣೇ, ನಿಜವಲ್ಲ ಎಂದು?

ಕರಡು ಇದರೊಂದಿಗಿದೆ. ಪ್ರಶ್ನೆ ಚಿಹ್ನೆ ಅದೇ ಜಾಗದಲ್ಲಿದೆ. ಈ ಸಲ ಶಾಯಿಯಲ್ಲಿ.

ನಿನ್ನ ಮನೆಯವಳು ನೂರು ಕಾಲ ಬಾಳಲಿ. ಅವಳು "ನಿಜಾನಾ" ಎಂದು ಕೇಳಿದ ದಿನ ನಿನ್ನ ಬಾಯಲ್ಲಿ ನಿಜವೇ ಬರಲಿ.

ಇಂತಿ,
ಅಳಿಸಿದವನು