ಸಿಸ್ಟರಮ್ಮನ ಸಾಮಾನು

ಶಿಡ್ಲಘಟ್ಟ
೧೨ ಮಾರ್ಚ್ ೧೯೮೯, ಭಾನುವಾರ

ಪ್ರೀತಿಯ ಪಂಕಜಾಗೆ ನಿನ್ನ ಹಮೀದಾಳ ಸಲಾಮು.

ನಿನ್ನ ಕಾಗದ ಗುರುವಾರವೇ ತಲುಪಿತು. ಅಂದೇ ಉತ್ತರ ಬರೆದಿದ್ದರೆ ಬರೀ ಬೈಗುಳ ಇರುತ್ತಿತ್ತು. ಈಗಲೂ ಸಿಟ್ಟು ಇಳಿದಿಲ್ಲ. 

ಸಿಸ್ಟರಮ್ಮನ ಸಾಮಾನುಗಳನ್ನು ಹಿಂದಕ್ಕೆ ಪಡೆದು ಸ್ಮಾರಕದ ಕಮಿಟಿಗೆ ಕೊಟ್ಟುಬಿಡು, ಪೊಲೀಸ್ ದೂರು ವಾಪಸ್ ತೆಗೆಸುತ್ತೇನೆ ಎಂದು ಬರೆದಿದ್ದೀಯ. ನೀನು ಈಗ ಬೆಂಗಳೂರಿನ ಮಿಷನ್ ಶಾಲೆಯ ಟೀಚರು. ಶಿಡ್ಲಘಟ್ಟ ಬಲ್ಲವಳೆಂದು ನಿನ್ನನ್ನೂ ಕಮಿಟಿಗೆ ಸೇರಿಸಿಕೊಂಡಿದ್ದಾರೆ. ನಿನ್ನ ಇಕ್ಕಟ್ಟು ನನಗೆ ಅರ್ಥವಾಗುತ್ತದೆ. ಆದರೂ ಕೊಡುವುದಿಲ್ಲ ಕಣೇ. ನಡೆದದ್ದನ್ನು ಕಮಿಟಿಯವರ ಬಾಯಿಂದ ಕೇಳಿದ್ದೀಯ, ಈಗ ನನ್ನಿಂದ ಕೇಳು.

ನಮ್ಮ ಸಿಸ್ಟರಮ್ಮ, ಸಿಸ್ಟರ್ ಒಡಿಲಿಯಾ, ಹೇಗೆ ಬದುಕಿದ್ದರು ಎಂದು ನಿನಗೆ ಹೇಳಬೇಕಾಗಿಲ್ಲ. ನಮ್ಮ ಮನೆಯೆದುರಿನ ಆ ಎರಡು ಕೋಣೆ, ಒಂದರಲ್ಲಿ ಔಷಧಿ, ಇನ್ನೊಂದರಲ್ಲಿ ಅವರ ಮಂಚ. ರೇಷ್ಮೆ ನೂಲು ತೆಗೆಯುವ ಶೆಡ್ಡುಗಳಲ್ಲಿ ದಿನವಿಡೀ ಬಿಸಿನೀರಿಗೆ ಕೈಯಿಟ್ಟು ಬೆರಳ ಸಂದು ಕೊಳೆತ ಹೆಂಗಸರು ಸಾಯಂಕಾಲ ಸಾಲಾಗಿ ಕೂರುತ್ತಿದ್ದರು. ಸಿಸ್ಟರಮ್ಮ ಒಬ್ಬೊಬ್ಬರ ಕೈಯನ್ನೂ ತಮ್ಮ ತೊಡೆಯ ಮೇಲಿಟ್ಟುಕೊಂಡು ಮುಲಾಮು ಹಚ್ಚುತ್ತಿದ್ದರು. ನಾನೂ ನೀನೂ ಶಾಲೆ ಮುಗಿಸಿ ಬಂದು ಬಟ್ಟೆ ಹರಿದು ಪಟ್ಟಿ ಮಾಡಿಕೊಡುತ್ತಿದ್ದೆವಲ್ಲ.

ಹೋದ ವರ್ಷ ಹೃದಯ ಸೋತು ಮಲಗಿದರು. ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಲು ಕಾನ್ವೆಂಟಿನವರು ಕಾರು ಕಳಿಸಿದಾಗ, "ಹುಳದ ವಾಸನೆ ಇಲ್ಲದ ಕಡೆ ನಂಗೆ ನಿದ್ದೆ ಬರಲ್ಲ" ಎಂದು ನಕ್ಕು ಕಾರನ್ನು ಖಾಲಿ ಕಳಿಸಿದರು. ಆಮೇಲೆ ನಮ್ಮ ನಡುಮನೆಯಲ್ಲೇ ಇದ್ದರು. ಒಂದು ಮಧ್ಯಾಹ್ನ ಗಂಜಿ ಕುಡಿಸುವಾಗ ತಲೆದಿಂಬಿನ ಕೆಳಗಿಂದ ಟ್ರಂಕಿನ ಬೀಗದ ಕೈ ತೆಗೆದು ನನ್ನ ಕೈಲಿಟ್ಟರು. "ನಾನು ಹೋದ್ಮೇಲೆ ಇವು ಸುಮ್ನೆ ಬಿದ್ದಿರೋದು ಬೇಡ ಹಮೀದಾ. ಯಾರಿಗೆ ಬೇಕೋ ಅವರಿಗೆ ಕೊಟ್ಬಿಡು."

ಈ ಮಾತಿಗೆ ಸಾಕ್ಷಿ ಇಲ್ಲ. ಬರೆದುಕೊಟ್ಟಿದ್ದಾರಾ ಎಂದು ಕಮಿಟಿಯ ಅಧ್ಯಕ್ಷರು ಕೇಳಿದರು. ಇಲ್ಲ. ಯಾವುದು ಯಾರಿಗೆ ಎಂದೂ ಸಿಸ್ಟರಮ್ಮ ಹೇಳಲಿಲ್ಲ. ಅದೆಲ್ಲ ನನ್ನದೇ ತೀರ್ಮಾನ.

ಅಕ್ಟೋಬರಿನಲ್ಲಿ ಸಿಸ್ಟರಮ್ಮ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಮಣ್ಣು ಮಾಡಿದ ದಿನ ನೀನು ಬಂದಿದ್ದೆ. ಜನ ಅವರ ಶವಪೆಟ್ಟಿಗೆ ಮುಟ್ಟಲು ನುಗ್ಗಿದ್ದು, ಹೊದಿಕೆಯ ಎಳೆ ಕಿತ್ತು ಕಣ್ಣಿಗೊತ್ತಿಕೊಂಡದ್ದು ನೋಡಿದ್ದೀಯ. ನಲವತ್ತನೆಯ ದಿನ ನಮ್ಮ ಪದ್ಧತಿಯಂತೆ ಫಾತೆಹಾ ಓದಿಸಿ ಟ್ರಂಕು ತೆಗೆದೆ. ಕಂಬಳಿಯನ್ನು ರಾಮಲಕ್ಷ್ಮಮ್ಮನ ಬಾಣಂತಿ ಸೊಸೆಗೆ ಕೊಟ್ಟೆ. ರಾಮಲಕ್ಷ್ಮಮ್ಮ ಗೊತ್ತಲ್ಲ, ಜಂಗಮಕೋಟೆಯಿಂದ ಬಂದು ಶೆಡ್ಡಿನಲ್ಲಿ ನೂಲು ತೆಗೆಯುವವಳು. ಮಂಚ ಮುನಿಗಂಗಪ್ಪನಿಗೆ ಹೋಯಿತು, ಕ್ಷಯದಿಂದ ನೆಲದ ಮೇಲೆ ಮಲಗಿ ಕೆಮ್ಮುತ್ತಿದ್ದ. ಕನ್ನಡಕ ಟೈಲರ್ ನಲ್ಲಪ್ಪನ ಕಣ್ಣಿಗೆ ಸರಿಯಾಗಿ ಕೂತಿತು. ಬಿಳಿ ಸೀರೆಗಳನ್ನು ಹರಿದು ಶೆಡ್ಡಿನ ಹೆಂಗಸರ ಕೂಸುಗಳಿಗೆ ಹಾಸಲು ಕೊಟ್ಟೆ. ಎಷ್ಟು ಒಗೆದ ಬಟ್ಟೆ ಅದು, ಎಷ್ಟು ಮೆತ್ತಗಿತ್ತು!

ಜನವರಿಯಲ್ಲಿ ಅಧ್ಯಕ್ಷರೂ ಚಿಕ್ಕಬಳ್ಳಾಪುರದ ಫಾದರ್ ಇನ್ನಾಸಪ್ಪನವರೂ ಜೀಪಿನಲ್ಲಿ ಬಂದರು. ಬೆಂಗಳೂರಿನಲ್ಲಿ ಸ್ಮಾರಕ ಕೋಣೆ ಕಟ್ಟಿಸುತ್ತಾರಂತೆ, ಸಿಸ್ಟರಮ್ಮನನ್ನು ಸಂತರೆಂದು ಸಾರಬೇಕೆಂದು ರೋಮಿಗೆ ಅರ್ಜಿ ಹಾಕುತ್ತಾರಂತೆ. ಸೀರೆಯ ವಿಷಯ ಕೇಳಿ ಅಧ್ಯಕ್ಷರ ಮುಖ ಕೆಂಪಾಯಿತು.

"ಅಂಥಾ ಪವಿತ್ರ ಸೀರೇನ ಮಕ್ಕಳ ಕೆಳಗೆ ಹಾಸಿದ್ದೀರಾ?"

"ಹೌದು ಸಾರ್. ಒಗೆದು ಒಣಗಿಸಿ ಮತ್ತೆ ಹಾಸ್ತಾರೆ" ಎಂದೆ.

ಸನ್ಯಾಸಿನಿಗೆ ಸ್ವಂತ ಆಸ್ತಿ ಇಲ್ಲ, ಎಲ್ಲವೂ ಸಂಸ್ಥೆಯದು ಎಂದರು. ಬದುಕಿದ್ದಾಗ ಆ ಸೀರೆಗೆ ತೇಪೆ ಹಾಕಲು ಒಬ್ಬರೂ ಬರಲಿಲ್ಲವಲ್ಲ ಎಂದೆ. ಒರಟಾಗಿ ಆಡಿದೆ, ಗೊತ್ತು. ವಾಪಸ್ ತೆಗೆದುಕೊಳ್ಳುವುದಿಲ್ಲ.

ಕನ್ನಡಕವಾದರೂ ಸಿಗಲಿ ಎಂದು ನಲ್ಲಪ್ಪನ ಅಂಗಡಿಗೆ ಹೋದರು. ನಾನೂ ಹಿಂದೆಯೇ ಹೋದೆ. ಪಾಪ, ನಲ್ಲಪ್ಪ ಕನ್ನಡಕ ತೆಗೆದು ಫಾದರ್ ಕೈಗೆ ಕೊಟ್ಟ. ಅದರ ಒಂದು ಕಾಲು ಮುರಿದು ರೇಷ್ಮೆ ನೂಲಿನಲ್ಲಿ ಬಿಗಿದಿತ್ತು. ಹೊಲಿಗೆ ಮೆಷಿನ್ನಿನ ಸೂಜಿಯ ಕೆಳಗೆ ಅರ್ಧ ಹೊಲಿದ ರವಿಕೆ. ಅವನು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಎತ್ತಲೋ ನೋಡುತ್ತಾ ಕೂತ. ರವಿಕೆ ರಾಮಲಕ್ಷ್ಮಮ್ಮನದು; ಅಲ್ಲೇ ನಿಂತಿದ್ದಳು.

"ಸಾಮಿ, ಅದನ್ನ ತಗೊಂಡೋಗಿ ಏನ್ ಮಾಡ್ತೀರಾ?" ಎಂದು ಕೇಳಿದಳು.

"ಗಾಜಿನ ಪೆಟ್ಟಿಗೇಲಿ ಇಡ್ತೀವಮ್ಮ. ಜನ ಬಂದು ನೋಡ್ತಾರೆ" ಎಂದರು ಫಾದರ್.

"ಜನ ಅದನ್ನ ನೋಡ್ತಾರೆ, ಸರಿ. ಅದ್ರೊಳಗಿಂದ ಯಾರು ನೋಡ್ತಾರೆ?"

ಫಾದರ್ ಇನ್ನಾಸಪ್ಪ ಕನ್ನಡಕವನ್ನು ತಿರುಗಿಸಿ ನೋಡಿದರು. ಆಮೇಲೆ ತಮ್ಮ ಅಂಗಿಯ ತುದಿಯಿಂದ ಗಾಜು ಒರೆಸಿ, ನಲ್ಲಪ್ಪನ ಮೂಗಿನ ಮೇಲೆ ತಾವೇ ಕೂರಿಸಿ, ಜೀಪು ಹತ್ತಿದರು. ಅವರು ಮತ್ತೆ ಬರಲಿಲ್ಲ.

ಅಧ್ಯಕ್ಷರು ಬಿಡಲಿಲ್ಲ. ನಾನು ಕದ್ದೆನೆಂದು ದೂರು ಕೊಟ್ಟರು. ಸ್ಟೇಷನ್ನಿಗೆ ಕರೆಸಿದಾಗ ಬುರ್ಖಾ ಹಾಕಿಕೊಂಡು ಒಬ್ಬಳೇ ಹೋದೆ. ಎಲ್ಲವನ್ನೂ ನಾನೇ ಹಂಚಿದ್ದೇನೆ, ಯಾರ ಹತ್ತಿರವೂ ವಾಪಸ್ ಕೇಳುವುದಿಲ್ಲ ಎಂದು ಬರೆದು ಸಹಿ ಹಾಕಿದೆ. ನಾನು ಸರ್ಕಾರಿ ಶಾಲೆಯ ಟೀಚರಲ್ಲವೇ, ಈಗ ಶಿಕ್ಷಣ ಇಲಾಖೆಯಿಂದ ನೋಟೀಸೂ ಬಂದಿದೆ. ನಿಮ್ಮನ್ನು ಏಕೆ ಅಮಾನತು ಮಾಡಬಾರದು ಎಂದು ಕೇಳಿದ್ದಾರೆ. ನನ್ನ ತಮ್ಮ ದಸ್ತಗಿರ್ ಮನೆಯಲ್ಲಿ ಒಂದೇ ಸಮನೆ ಹೇಳುತ್ತಾನೆ: "ಅವರ ಸಿಸ್ಟರು, ಅವರ ಸಾಮಾನು. ನಮಗ್ಯಾಕೆ ಆಪಾ?" ಅವರ ಸಿಸ್ಟರಾಗಿದ್ದರೆ ನಮ್ಮ ನಡುಮನೆಯಲ್ಲಿ ಯಾಕೋ ಪ್ರಾಣ ಬಿಟ್ಟರು ಎಂದೆ. ಅವನು ಊಟ ಬಿಟ್ಟು ಎದ್ದುಹೋದ.

ಹೆದರಿಕೆ ಇಲ್ಲವೆಂದರೆ ಸುಳ್ಳಾಗುತ್ತದೆ. ನೌಕರಿ ಹೋದರೆ ಹೇಗೆಂದು ಪಾಠ ಮಾಡುತ್ತಾ ಮಾಡುತ್ತಾ ಮಾತು ನಿಂತುಹೋಗುತ್ತದೆ. ಆದರೂ ಬಾಣಂತಿಯ ಮೈಮೇಲಿನ ಕಂಬಳಿ ಎಳೆದು ತರುವ ಕೆಲಸ ನನ್ನಿಂದ ಆಗದು. ನೋಟೀಸಿಗೂ ಇದನ್ನೇ ಉತ್ತರವಾಗಿ ಬರೆದಿದ್ದೇನೆ. ನಿನ್ನ ಕಮಿಟಿಗೂ ಇದನ್ನೇ ಓದಿ ಹೇಳು. ಸಿಸ್ಟರಮ್ಮನನ್ನು ಸಂತರೆನ್ನುವುದು ಬಿಡುವುದು ರೋಮಿನವರಿಗೆ ಬಿಟ್ಟದ್ದು. ಅವರ ಮಾತು ನಡೆಸುವುದು ನನಗೆ ಬಿಟ್ಟದ್ದು.

ನಿನ್ನ ಮೇಲೆ ಮುನಿದಿದ್ದರೂ ನಿನ್ನವಳೇ ಆದ,
ಹಮೀದಾ ಬೇಗಂ

ಇನ್ನೊಂದು ವಿಷಯ ಹೇಳದೆ ಈ ಕಾಗದ ಅಂಟಿಸಲಾರೆ. ಡಿಸೆಂಬರಿನಲ್ಲಿ ನಿನ್ನ ಮಗಳಿಗೆ ಉಬ್ಬಸ ಜೋರಾಗಿದೆ ಎಂದು ಬರೆದಿದ್ದೆಯಲ್ಲ, ಆಗ ಒಂದು ಕಂದು ಸ್ವೆಟರು ಕಳಿಸಿದ್ದೆ. ನಾನು ಹೆಣೆದದ್ದೆಂದು ನೀನು ತಿಳಿದುಕೊಂಡೆ, ನಾನೂ ಅಲ್ಲವೆನ್ನಲಿಲ್ಲ. ಅದು ಸಿಸ್ಟರಮ್ಮನದು. ಮಲಗುವಾಗಲೂ ಅದನ್ನು ಬಿಚ್ಚುವುದಿಲ್ಲ ಹುಡುಗಿ ಎಂದು ನೀನೇ ಸಂತೋಷದಿಂದ ಬರೆದಿದ್ದೆ. ಕಮಿಟಿಗೆ ಒಪ್ಪಿಸುವುದಾದರೆ ಮೊದಲು ಅದನ್ನು ಒಪ್ಪಿಸು. ಬಿಚ್ಚಿಸುವಾಗ ಮಗಳಿಗೆ ಏನು ಹೇಳಿದೆ ಎಂದು ನನಗೂ ಬರೆ. ಅದೇ ಮಾತನ್ನು ನಾನು ಇಲ್ಲಿನವರಿಗೆ ಹೇಳುತ್ತೇನೆ.