ತಮ್ಮ ಖಡಿಯ ಗುಡ್ಡೆ ಮೇಲೆ ಟಿಟವಿಯ ಸಂಸಾರ

ನಮ್ಮ ಪಟ್ಟಣದ ಪುರಸಭೆಯ ಮಾನ್ಯ ಮುಖ್ಯಾಧಿಕಾರಿಗಳೇ,

ಬರುವ ಸೋಮವಾರ ತಾವು ಕೆರೆಯ ದಂಡೆಯ ಮೇಲೆ ರೋಲರ್ ಹಾಯಿಸಲಿದ್ದೀರಿ. ಆ ರೋಲರಿನ ದಾರಿಯಲ್ಲಿ ಜಲ್ಲಿಕಲ್ಲಿನ ಖಡಿಯ ಒಂದು ಗುಡ್ಡೆ ಇದೆ, ಗುಡ್ಡೆಯ ಮೇಲೆ ನಾಲ್ಕು ತತ್ತಿಗಳಿವೆ, ತತ್ತಿಗಳ ಮೇಲೆ ಒಂದು ಟಿಟವಿ ಹಕ್ಕಿ, ಪುಸ್ತಕದವರ ಟಿಟ್ಟಿಭ, ಕುಳಿತಿದೆ. ಅದು ಏಳುವವರೆಗೆ ರೋಲರ್ ನಿಲ್ಲಿಸಿ ಎಂದು ಕೇಳಲು ತಮ್ಮ ಕಚೇರಿಗೆ ಎರಡು ಸಲ ಬಂದೆ. ಮೊದಲ ಸಲ ತಾವು ಮೀಟಿಂಗಿನಲ್ಲಿದ್ದಿರಿ. ಎರಡನೆಯ ಸಲ ಮೀಟಿಂಗಿನಿಂದ ದಣಿದು ಮನೆಗೆ ಹೋಗಿದ್ದಿರಿ. ಅದಕ್ಕೇ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ತಾವು ಓದದಿದ್ದರೂ ತಮ್ಮ ಫೋಟೊ ಬಂದಿದೆಯೇ ಎಂದು ದಿನಾ ಪುಟ ತಿರುವುವವರು ಯಾರಾದರೂ ತಮಗೆ ತೋರಿಸಿಯಾರು.

ನಾನು ಹಳ್ಳಿಯ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು. ದಿನಾ ಬಸದಿಗೆ ಹೋಗುತ್ತೇನೆ, ನೀರು ಸೋಸಿ ಕುಡಿಯುತ್ತೇನೆ, ಹೊತ್ತು ಮುಳುಗುವ ಮುಂಚೆ ಉಂಡು ಮುಗಿಸುತ್ತೇನೆ. ಹಕ್ಕಿಗಳ ವಿಷಯದಲ್ಲಿ ನನ್ನ ತಿಳಿವಳಿಕೆ ಕಾಗೆ, ಗುಬ್ಬಿ, ಪಾರಿವಾಳಕ್ಕೆ ಮುಗಿದಿತ್ತು. ನಮ್ಮ ಓಣಿಯಲ್ಲಿ ಶೀತಲ ಎಂಬ ಹುಡುಗಿ ಇದ್ದಾಳೆ, ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ, ನಮ್ಮನ್ನೆಲ್ಲ ಚಿಕ್ಕಮ್ಮನ ಲೆಕ್ಕದಲ್ಲಿ ಕಾಕೂ ಎನ್ನುತ್ತಾಳೆ. ಒಂದು ದಿನ ಬಸದಿಯ ಮಹಿಳಾ ಮಂಡಳಕ್ಕೆ ಬಂದು, "ಕಾಕೂ, ಪ್ರತಿ ವರ್ಷಾ ದೂರದ ಕ್ಷೇತ್ರಕ್ಕ ಯಾತ್ರಾ ಹೋಗತೀರಿ. ಒಂದ ಮುಂಜಾನಿ ನಮ್ಮೂರ ಕೆರಿಗೆ ಬರ್ರಿ, ಹಕ್ಕಿ ತೋರಸ್ತೀನಿ" ಎಂದಳು. ಖರ್ಚಿಲ್ಲದ ಯಾತ್ರೆಯನ್ನು ಯಾರು ಬಿಡುತ್ತಾರೆ? ಪಕ್ಕದ ಮನೆಯ ನೂರಜಾನಬಿಯೂ, "ನಿಮಗಷ್ಟ ಕಣ್ಣ ಅದಾವೇನ್ರಿ? ನಾನೂ ಬರತೀನಿ" ಎಂದು ಡಬ್ಬಿ ಕಟ್ಟಿಕೊಂಡು ಬಂದಳು.

ನಮ್ಮ ಕೆರೆ ತಮಗೆ ಗೊತ್ತೇ ಇದೆ. ಒಂದು ಬದಿಗೆ ಬಸ್ ನಿಲ್ದಾಣ, ಇನ್ನೊಂದು ಬದಿಗೆ ಮದುವೆಗಳ ಮಂಗಲ ಕಾರ್ಯಾಲಯ, ಹಿಂದೆ ಮಗ್ಗಗಳ ಖಟಾಖಟ್. ಇಂಥ ಗದ್ದಲದಲ್ಲಿ ಯಾವ ಹಕ್ಕಿ ಇದ್ದೀತು ಎಂದುಕೊಂಡೇ ಹೋದೆ. ದುರ್ಬೀನಿಗೆ ಕಣ್ಣು ಹಚ್ಚಿದರೆ ಒಂದು ಬೇರೆಯೇ ಊರು ಕಂಡಿತು. ಕೆಂಪು ಕಾಲಿನವು, ಉದ್ದ ಕೊಕ್ಕಿನವು, ನೀರಿನಲ್ಲಿ ಮುಳುಗಿ ಇನ್ನೆಲ್ಲೋ ಏಳುವವು! ಇಷ್ಟೆಲ್ಲ ಜೀವಗಳು ಬಸ್ ನಿಲ್ದಾಣದ ಹಿಂದೆಯೇ ಸಂಸಾರ ಹೂಡಿಕೊಂಡಿದ್ದರೂ ನಾನು ಐವತ್ತು ವರ್ಷ ಬಸ್ಸನ್ನಷ್ಟೇ ಕಾಯ್ದಿದ್ದೆ.

ಒಂದು ಮಿಂಚುಳ್ಳಿ ಮೀನು ಹಿಡಿಯಿತು. ಶೀತಲ "ನೋಡ್ರಿ, ನೋಡ್ರಿ!" ಎಂದು ಕುಣಿದರೆ ನಾವೆಲ್ಲ ಕಣ್ಣು ಮುಚ್ಚಿ ಣಮೋಕಾರ ಮಂತ್ರ ಹೇಳತೊಡಗಿದೆವು. ನೂರಜಾನಬಿ ಒಬ್ಬಳೇ ದುರ್ಬೀನು ಬಿಡದೆ, "ತಪ್ಪಿಸಿಕೋತು... ಇಲ್ರಿ, ಮತ್ತ ಸಿಕ್ಕಿತು... ನುಂಗೇ ಬಿಟ್ಟಿತ್ರಿ! ಕಣ್ಣ ತಗೀರಿನ್ನ" ಎಂದು ವರದಿ ಕೊಟ್ಟಳು.

ಇನ್ನು ಆ ಗುಡ್ಡೆಯ ಸಂಗತಿ. ಮುನಿ ಮಹಾರಾಜರು ಊರಿಂದೂರಿಗೆ ಕಾಲ್ನಡಿಗೆಯ ವಿಹಾರ ಹೊರಟಾಗ ಅವರ ಹಿಂದೆ ನಡೆದು ನಮಗೊಂದು ರೂಢಿ ಬಿದ್ದಿದೆ. ಕಾಲಡಿಯಲ್ಲಿ ಇರುವೆ ಸಹ ಸಾಯಬಾರದೆಂದು ಮುಂದಿನ ನಾಲ್ಕು ಮೊಳ ನೆಲ ನೋಡಿಕೊಂಡೇ ಹೆಜ್ಜೆ ಇಡುತ್ತೇವೆ. ಹಕ್ಕಿ ನೋಡಲು ಬಂದವರೂ ಹಾಗೇ ಸಾಲಾಗಿ ತಲೆ ತಗ್ಗಿಸಿ ಹೊರಟಿದ್ದೆವು. ಶೀತಲ ಹಣೆ ಬಡಿದುಕೊಂಡಳು. "ಕಾಕೂ, ಹಕ್ಕಿ ಮ್ಯಾಲ ಇರ್ತಾವ್ರಿ! ಎಲ್ಲಾರೂ ಕೂಡಿ ಏನ ಕಳಕೊಂಡವ್ರಗತೆ ನೆಲಾ ಹುಡಕಾಕತ್ತೀರಿ?"

ನಮ್ಮಲ್ಲೆಲ್ಲ ಹಿರಿಯಳಾದ ಮಲಕವ್ವ, "ನೀ ಮ್ಯಾಲ ನೋಡವಾ, ನಾವು ಕೆಳಗ ನೋಡತೇವಿ. ಎರಡೂ ಕಡೆ ನೋಡಿದಂಗ ಆಗತೈತಿ" ಎಂದವಳು ಮರುಗಳಿಗೆಯೇ, "ಏ, ನಿಂದರ್ರೀ! ಕಾಲ ಎತ್ತಬ್ಯಾಡ್ರಿ!" ಎಂದು ಚೀರಿದಳು.

ತಾವು ಕಾಲುದಾರಿ ಮಾಡಿಸಲು ಸುರಿಸಿದ ಖಡಿಯ ನಡುವೆ, ಖಡಿಯದೇ ಬಣ್ಣದ ನಾಲ್ಕು ಚುಕ್ಕೆಯ ತತ್ತಿಗಳು. ಗೂಡಿಲ್ಲ, ಹುಲ್ಲಿಲ್ಲ, ಹಾಸಿಗೆಯಿಲ್ಲ. ತಾಯಿ ಟಿಟವಿ ನಮ್ಮ ತಲೆಯ ಮೇಲೇ ಹಾರಾಡಿ ಬಾಯಿಗೆ ಬಂದಂತೆ ಬೈಯುತ್ತಿತ್ತು. ಶೀತಲ ನಗುತ್ತಾ ಕುಳಿತೇ ಬಿಟ್ಟಳು. "ನಾ ತಿಂಗಳಿಂದ ಇದರ ಜಾಗಾ ಹುಡಕಾಕತ್ತೀನ್ರಿ, ಕಾಕೂ!" ಟಿಟವಿ ಕೂಗಿದರೆ ಅಪಶಕುನ ಎನ್ನುವ ಮಲಕವ್ವನೂ ಅಂದು ಮಾತು ಬದಲಿಸಿದಳು. "ಎತ್ತರದಾಗ ತತ್ತಿ ಇಟ್ಟಾಳ ನೋಡ್ರಿ. ಈ ಸಲ ಮಳಿ ಚೊಲೋ ಆಗತೈತಿ." ಕೇಳಿದಿರಾ ಮಾನ್ಯರೇ? ಎತ್ತರಕ್ಕೆ ಖಡಿ ಸುರಿಸಿದ ಪುಣ್ಯ ತಮ್ಮದೇ. ಒಳ್ಳೆಯ ಮಳೆ ತರಿಸಿದ ಸಾಧನೆಯನ್ನು ತಮ್ಮ ವಾರ್ಷಿಕ ವರದಿಯಲ್ಲಿ ಸೇರಿಸಿಕೊಳ್ಳಿ, ನಮ್ಮ ತಕರಾರಿಲ್ಲ.

ಅಂದಿನಿಂದ ದಿನಾ ಮುಂಜಾನೆ ಹೋಗುತ್ತೇವೆ. ಗಂಡು ಹೆಣ್ಣು ಪಾಳಿ ಹಚ್ಚಿಕೊಂಡು ಕೂರುತ್ತವೆ. ಬಿಸಿಲೇರಿ ಖಡಿ ಹಂಚಿನಂತೆ ಕಾಯ್ದಾಗ ಒಂದು ಹಕ್ಕಿ ನೀರಿಗಿಳಿದು ಹೊಟ್ಟೆಯ ಪುಕ್ಕ ತೋಯಿಸಿಕೊಂಡು, ಮಡಿಯುಟ್ಟು ಗರ್ಭಗುಡಿಗೆ ಬರುವವರ ಹಾಗೆ ಮೆಲ್ಲಗೆ ನಡೆದು ಬಂದು ತತ್ತಿಗಳ ಮೇಲೆ ಕೂರುತ್ತದೆ. ತಂಪು ಮಾಡುವುದಕ್ಕೆ! ಅದನ್ನು ನೋಡಿದ ದಿನ ನೂರಜಾನಬಿ ತಾನಾಗಿಯೇ ದುರ್ಬೀನನ್ನು ಪಕ್ಕದವರ ಕೈಗೆ ಕೊಟ್ಟು, "ನೀವೂ ನೋಡ್ರಿ" ಎಂದಳು. ಅದು ಎಂಥ ದೊಡ್ಡ ಸಂಗತಿ ಎಂಬುದು ನಮ್ಮ ಓಣಿಗೆ ಗೊತ್ತು.

ಇದನ್ನೆಲ್ಲ ತಮ್ಮ ಇಂಜಿನಿಯರರಿಗೆ ವಿವರಿಸಿದೆ. ಅವರು, "ಅಕ್ಕಾರ, ನಾಕ ತತ್ತಿ ಸಲುವಾಗಿ ಅಭಿವೃದ್ಧಿ ನಿಂದರಸೂದೇನ್ರಿ? ಎತ್ತಿ ಆ ಕಡೆ ಇಡ್ರಿ" ಎಂದರು. ಸರಿಸಿದರೆ ಹಕ್ಕಿ ಗುರುತು ಹಿಡಿಯುವುದಿಲ್ಲವೆಂದು ಶೀತಲ ಹೇಳಿದರೆ, ಅದು ಅರಣ್ಯ ಇಲಾಖೆಯ ವಿಷಯ ಎಂದರು. ಖಡಿ ತಮ್ಮದು, ರೋಲರ್ ತಮ್ಮದು, ತತ್ತಿ ಮಾತ್ರ ಅರಣ್ಯ ಇಲಾಖೆಯದೇ? ಮಹಾವೀರ ಜಯಂತಿಗೆ ತಾವು ಹಾರ ಹಾಕಿಸಿಕೊಂಡು ಅಹಿಂಸೆಯೇ ಪರಮ ಧರ್ಮ ಎಂದು ಎಷ್ಟು ಚೆಂದ ಭಾಷಣ ಮಾಡಿದಿರಿ! ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ನಾನೇ. ಆ ಅಹಿಂಸೆ ಯಾವ ಇಲಾಖೆಗೆ ಸೇರುತ್ತದೆ, ದಯವಿಟ್ಟು ತಿಳಿಸಿ.

ನಾವು ಕೆಲಸವನ್ನೇ ಬೇಡ ಎನ್ನುತ್ತಿಲ್ಲ. ಕಾಲುದಾರಿ ಆಗಲಿ, ನಮ್ಮ ಮೊಣಕಾಲಿಗೂ ಒಳ್ಳೆಯದು. ಒಂದು ಗುಡ್ಡೆಯನ್ನು ಎರಡು ಮೂರು ವಾರ ಬಿಟ್ಟು ಉಳಿದ ದಂಡೆ ಮಾಡಿ. ಟಿಟವಿಯ ಮರಿ ತತ್ತಿಯೊಡೆದ ದಿನವೇ ತಾಯಿಯ ಹಿಂದೆ ನಡೆದು ಹೋಗುತ್ತದಂತೆ. ಊರಿನ ಅತಿಕ್ರಮಣ ತೆರವು ಮಾಡಿಸಲು ತಾವು ನೋಟೀಸು, ಪೊಲೀಸು, ಕೋರ್ಟು ಎಂದು ವರ್ಷಗಟ್ಟಲೆ ಅಲೆಯುತ್ತೀರಿ. ಸರಕಾರಿ ಜಾಗವನ್ನು ತಾನಾಗಿ ಬಿಟ್ಟು ಹೋಗುವ ಒಬ್ಬನೇ ಅತಿಕ್ರಮಣದಾರ ಸಿಕ್ಕಿದ್ದಾನೆ, ಅವನ ಮೇಲೇ ರೋಲರ್ ಹಾಯಿಸುತ್ತೀರಾ?

ಕಳೆದ ಶುಕ್ರವಾರವೇ ಹಾಯಿಸಬೇಕಿತ್ತು. ರೋಲರ್ ಚಾಲಕ ಹಾಜಿಮಲಂಗ ಗುಡ್ಡೆಯ ಮುಂದೆ ಬಂದು, ಕೂತ ಹಕ್ಕಿಯನ್ನು ನೋಡಿ, ಯಂತ್ರ ಬಂದ್ ಮಾಡಿ ಕೆಳಗಿಳಿದ. ಕೆಲಸ ನೋಡಿಕೊಳ್ಳುವ ಸೂಪರ್‌ವೈಸರ್ ಓಡಿ ಬಂದ. "ಯಾಕಲೇ ನಿಂದರಿಸಿದಿ?"

"ಬರದ ಕೊಡ್ರಿ ಸಾಹೇಬ್ರ. 'ಹಕ್ಕಿ ಮ್ಯಾಲ ರೋಲರ್ ಹಾಯಸು' ಅಂತ ಬರದು, ಸಹಿ ಮಾಡಿ, ಶಿಕ್ಕಾ ಹೊಡೀರಿ. ಈಗಿಂದೀಗ ಹಾಯಸ್ತೀನಿ."

"ಅಂಥಾ ಆರ್ಡರ್ ಯಾರರೆ ಬರೀತಾರೇನಲೇ?"

"ಬರಿಯಾಕ ನಾಚಿಕಿ ಬರೂ ಕೆಲಸ ನನ್ನ ಕೈಲೆ ಯಾಕ ಮಾಡಸ್ತೀರಿ?"

ಸೂಪರ್‌ವೈಸರ್ ಬರುವ ಸೋಮವಾರದ ಗಡುವು ಕೊಟ್ಟು ಹೋದ. ಅಂದೂ ಹಾಯಿಸದಿದ್ದರೆ ಹಾಜಿಮಲಂಗ ರೋಲರಿನ ಕೀಲಿ ಕೊಟ್ಟು ಮನೆಗೆ ಹೋಗಬೇಕಂತೆ.

ಆದ್ದರಿಂದ ಮಾನ್ಯರೇ, ನಮ್ಮ ಆಗ್ರಹ ಇಷ್ಟೇ. ಸೋಮವಾರದ ಮುಂಚೆ ಒಂದು ಆದೇಶ ಬರೆಯಿರಿ. ಮರಿಗಳು ನಡೆದು ಹೋಗುವವರೆಗೆ ಆ ಗುಡ್ಡೆ ಮುಟ್ಟಬಾರದು, ಚಾಲಕನ ಕೆಲಸಕ್ಕೆ ಧಕ್ಕೆಯಾಗಬಾರದು ಎಂದಿರಲಿ. ಅದು ಬರೆಯಲಾಗದಿದ್ದರೆ ಅವನು ಕೇಳಿದ ಆದೇಶವನ್ನೇ ತಮ್ಮ ಸ್ವಂತ ಕೈಯಲ್ಲಿ ಬರೆದು ಕೊಡಿ.

ಎರಡೂ ಬರಲಿಲ್ಲವೆನ್ನಿ, ನಮಗೆ ಬೇಸರವಿಲ್ಲ. ಸೋಮವಾರ ಮಂಡಳದ ಹೆಣ್ಣುಮಕ್ಕಳೆಲ್ಲ ಸಾಮಾಯಿಕ ಧ್ಯಾನವನ್ನು ಬಸದಿಯ ಬದಲು ರೋಲರಿನ ಮುಂದೆ ಚಾಪೆ ಹಾಸಿಕೊಂಡು ಮಾಡುತ್ತೇವೆ. ಸಾಮಾಯಿಕಕ್ಕೆ ಕುಳಿತವರು ಅಲುಗಾಡುವಂತಿಲ್ಲ, ಮಾತಾಡುವಂತಿಲ್ಲ, ನಡುವೆ ಏಳುವಂತೆಯೂ ಇಲ್ಲ. ಒಂದು ಮುಗಿದರೆ ಇನ್ನೊಂದಕ್ಕೆ ಕೂರಬಾರದೆಂದು ಯಾವ ಶಾಸ್ತ್ರದಲ್ಲೂ ಇಲ್ಲ. ತಮಗೆ ಏನಾದರೂ ಕೇಳುವುದಿದ್ದರೆ ನೂರಜಾನಬಿಯನ್ನು ಕೇಳಿ. ಆಕೆ ಸಾಮಾಯಿಕ ಮಾಡುವುದಿಲ್ಲ. ಮಾತಾಡುವ ಕೆಲಸವನ್ನು ಆಕೆಗೇ ವಹಿಸಿದ್ದೇವೆ.

ಇಂತಿ,
ಹುಟ್ಟಿದಾಗಿನಿಂದ ತತ್ತಿ ಮುಟ್ಟದಿದ್ದರೂ ತಮ್ಮ ದಯೆಯಿಂದ ಊರ ತುಂಬ ‘ತತ್ತಿ ಕಾಕು’ ಎನಿಸಿಕೊಂಡಿರುವ,
ಜಿನಮತಿ ತವನಪ್ಪ ಮಗದುಮ್